ಗಿಳಿ ಕಚ್ಚಿದ ಹಣ್ಣು, ಹೊಗೆ ಮುಟ್ಟಿದ ಗಾಳಿ



‘ಗಿಳಿ ಕಚ್ಚಿದ ಹಣ್ಣು ಬಲು ಸಿಹಿ’ ಎಂಬ ಮಾತನ್ನು ನೀವು ಮನೆಯ ಹಿರಿಯರಿಂದ ಕೇಳಿರಬಹುದು. ಆದರೆ ಆ ಹಣ್ಣಿನ ಸಿಪ್ಪೆಯ ಮೇಲೆ ಏನೇನು ಕುಳಿತಿತ್ತು, ಅದನ್ನು ಕಚ್ಚುವಾಗ ಗಿಳಿ ಎಂಥ ಗಾಳಿಯನ್ನು ಉಸಿರಾಡುತ್ತಿತ್ತು ಎಂದು ಯಾರಾದರೂ ಕೇಳಿದ್ದುಂಟೇ? ನನಗೂ ಬಹಳ ಕಾಲ ಈ ಪ್ರಶ್ನೆ ಹೊಳೆದಿರಲಿಲ್ಲ. ಅದನ್ನು ನನ್ನ ಮುಂದಿಟ್ಟದ್ದು ಕ್ಯಾಮೆರಾದ ಮಸೂರ ಒರೆಸುವ ಒಂದು ತುಂಡು ಬಟ್ಟೆ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯ ಕಡೆಗೆ ನಮ್ಮ ತಂಡ ಹೋಗಿತ್ತು. ಹಣ್ಣಿನ ತೋಟದ ಹಕ್ಕಿಗಳನ್ನು ಚಿತ್ರೀಕರಿಸುವುದು ನಮ್ಮ ಕೆಲಸ. ರಸ್ತೆಯ ಬದಿಯ ಒಂದು ಮಾವಿನ ತೋಟದಲ್ಲಿ ಬೆಳಗಿನ ಆರು ಗಂಟೆಗೇ ಕ್ಯಾಮೆರಾ ಹೂಡಿದೆವು. ಗಿಳಿಗಳ ಹಿಂಡು ಬಂತು, ಪಿಕಳಾರಗಳು ಬಂದವು, ಎಲೆಗಳ ನಡುವೆ ಎಲ್ಲೋ ಅಡಗಿ ಕುಟ್ರುಹಕ್ಕಿ ‘ಕುಟ್ರು ಕುಟ್ರು’ ಎಂದು ಒಂದೇ ಸಮನೆ ಕೂಗುತ್ತಿತ್ತು. ಆದರೆ ನಮ್ಮ ಸಹಾಯಕನಿಗೆ ಹಕ್ಕಿಗಳನ್ನು ನೋಡಲು ಬಿಡುವೇ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಮಸೂರ ಒರೆಸುವುದೇ ಆಯಿತು. ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಕೆಂಪು ಧೂಳು ಏಳುತ್ತಿತ್ತು. ಅತ್ತ, ಮಳೆಗಾಲಕ್ಕೆ ಮೊದಲು ಹೊಲ ಹಸನು ಮಾಡಲೆಂದು ಯಾರೋ ಕಸಕಡ್ಡಿಗೆ ಬೆಂಕಿ ಹಚ್ಚಿದ್ದರು. ಆ ಹೊಗೆ ಮೇಲಕ್ಕೆ ಹೋಗದೆ ತೋಟದೊಳಗೇ ಹರಡಿಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಬಿಳಿಯ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಹೊರಡುವ ಮುನ್ನ ಗಿಳಿ ಕಚ್ಚಿ ಬೀಳಿಸಿದ್ದ ಒಂದು ಮಾವಿನ ಕಾಯಿಯನ್ನು ಆ ಬಟ್ಟೆಯ ಸ್ವಚ್ಛವಾದ ಮೂಲೆಯಿಂದ ಒರೆಸಿ ನೋಡಿದೆ. ಅಲ್ಲೂ ಅದೇ ಕಂದು ಗುರುತು. ಮಸೂರವನ್ನು ಒರೆಸಲು ನಾವಿದ್ದೆವು. ಗಿಳಿಯ ಹಣ್ಣನ್ನು ಒರೆಸುವವರು ಯಾರು?

ದೂರದರ್ಶನದ ಪರದೆಯ ಮೇಲೆ ಅರ್ಧ ಗಂಟೆಯಲ್ಲಿ ಹೇಳಲಾಗದ ಕೆಲವು ಸಂಗತಿಗಳನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತೇನೆ. ಗಾಳಿ ಕೆಟ್ಟರೆ ಹಣ್ಣು ತಿನ್ನುವ ಹಕ್ಕಿಗಳಿಗೆ ಏನಾಗುತ್ತದೆ? ಕೆಟ್ಟ ಗಾಳಿ ಹಕ್ಕಿಯನ್ನು ಮೂರು ಬಾಗಿಲುಗಳಿಂದ ಮುಟ್ಟುತ್ತದೆ. ಮೊದಲನೆಯದು ಉಸಿರು, ಎರಡನೆಯದು ಆಹಾರ, ಮೂರನೆಯದು ಆ ಆಹಾರವನ್ನು ಕೊಡುವ ಮರ. ಒಂದೊಂದನ್ನಾಗಿ ನೋಡೋಣ. ಅದಕ್ಕೂ ಮೊದಲು ಊರಿನ ಪರಿಚಯ ಆಗಬೇಕು.

ಮಲೆನಾಡಿನ ಸೆರಗು

ಮುಂಡಗೋಡ ಮತ್ತು ಹಳಿಯಾಳ ತಾಲ್ಲೂಕುಗಳು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿವೆ. ಭತ್ತ, ಕಬ್ಬು, ಗೋವಿನಜೋಳದ ಹೊಲಗಳ ನಡುವೆ ಮಾವಿನ ತೋಟಗಳು, ಬದುಗಳ ಮೇಲೆ ಪೇರಲ, ನೇರಳೆ, ಹಲಸು, ಬಾರಿ ಗಿಡಗಳು. ಪಡುವಣಕ್ಕೆ ಹೋದಂತೆ ಕಾಡು ದಟ್ಟವಾಗುತ್ತ ದಾಂಡೇಲಿ, ಜೋಯಿಡಾಗಳನ್ನು ಸೇರುತ್ತದೆ. ಮೂಡಣಕ್ಕೆ ಸ್ವಲ್ಪ ದೂರ ಹೋದರೆ ಹುಬ್ಬಳ್ಳಿ–ಧಾರವಾಡ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ಸುಧಾರಿಸಬೇಕಾದ ನಗರಗಳ ಪಟ್ಟಿಗೆ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿಗಳ ಜೊತೆಗೆ ಹುಬ್ಬಳ್ಳಿ–ಧಾರವಾಡವೂ ಸೇರಿತು. ಗಾಳಿಗೆ ತಾಲ್ಲೂಕಿನ ಗಡಿ ತಿಳಿಯದು. ಚಳಿಗಾಲದಲ್ಲಿ ನಮ್ಮಲ್ಲಿ ಬೀಸುವುದು ಹೆಚ್ಚಾಗಿ ಮೂಡಣದ ಗಾಳಿ. ಬಯಲುಸೀಮೆಯ ಧೂಳು, ಹೊಗೆಗಳನ್ನು ಅದು ಮಲೆನಾಡಿನ ಕಡೆಗೆ ತರಬಲ್ಲದು.

ಇನ್ನು ಇಲ್ಲಿಯ ಪಂಚಾಂಗವನ್ನು ನೋಡಿ. ಮಳೆಗಾಲದಲ್ಲಿ ಗಾಳಿಯನ್ನು ಮಳೆಯೇ ತೊಳೆಯುತ್ತದೆ. ಡಿಸೆಂಬರಿನಿಂದ ಮಳೆ ಇಲ್ಲ. ಚಳಿಯ ಬೆಳಗುಗಳಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ, ಅದರ ಮೇಲಿನ ಪದರ ಬೆಚ್ಚಗೆ ಇರುತ್ತದೆ. ಬೆಚ್ಚಗಿನ ಪದರ ಪಾತ್ರೆಯ ಮೇಲಿನ ಮುಚ್ಚಳದಂತೆ ಕೂತು ಹೊಗೆಯನ್ನು ಮೇಲೇರಲು ಬಿಡುವುದಿಲ್ಲ. ಇದೇ ತಿಂಗಳುಗಳಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಬೀಳುತ್ತದೆ. ಇಟ್ಟಂಗಿ ಭಟ್ಟಿಗಳು ಉರಿಯುವುದೂ ಬೇಸಿಗೆಯಲ್ಲೇ. ರಸ್ತೆಯ ಧೂಳು ಏಳುವುದೂ ಆಗಲೇ. ಈಗ ಹಕ್ಕಿಯ ಪಂಚಾಂಗ. ಮಾವು ಹೂಬಿಡುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಕಾಯಾಗಿ ಹಣ್ಣಾಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಹಣ್ಣು ತಿನ್ನುವ ಬಹುತೇಕ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದೂ ಇದೇ ಕಾಲದಲ್ಲಿ. ಗಾಳಿ ಕೆಡುವ ತಿಂಗಳುಗಳೂ, ಹಕ್ಕಿಗೆ ಹಣ್ಣು ಅತ್ಯಂತ ಅಗತ್ಯವಾಗಿ ಬೇಕಾದ ತಿಂಗಳುಗಳೂ ಒಂದೇ. ಈ ಲೇಖನದ ಸಾರವೇ ಇದು. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲ ಬಾಗಿಲು: ಉಸಿರು

ನೀವು ಜೀವಶಾಸ್ತ್ರದಲ್ಲಿ ಮನುಷ್ಯನ ಶ್ವಾಸಕೋಶದ ಚಿತ್ರ ಬರೆದಿದ್ದೀರಿ. ಗಾಳಿ ಒಂದೇ ಕೊಳವೆಯಿಂದ ಒಳಗೆ ಹೋಗಿ, ಪುಟ್ಟ ಗಾಳಿಗೂಡುಗಳನ್ನು ತುಂಬಿ, ಅದೇ ದಾರಿಯಿಂದ ಹೊರಗೆ ಬರುತ್ತದೆ. ಕೊನೆಯಲ್ಲಿ ಮುಚ್ಚಿಕೊಂಡ ಓಣಿಯೊಳಕ್ಕೆ ಬಸ್ಸು ಹೋಗಿ, ಹಿಂದಕ್ಕೆ ಬಂದಂತೆ. ಹಾಗಾಗಿ ಪ್ರತಿ ಉಸಿರಿನಲ್ಲೂ ಹೊಸ ಗಾಳಿಯ ಜೊತೆ ಒಂದಿಷ್ಟು ಹಳೆಯ ಗಾಳಿ ಬೆರೆತೇ ಇರುತ್ತದೆ.

ಹಕ್ಕಿಯ ವ್ಯವಸ್ಥೆಯೇ ಬೇರೆ. ಅದರ ಶ್ವಾಸಕೋಶ ನಮ್ಮದರಂತೆ ಉಬ್ಬಿ ಕುಗ್ಗುವುದಿಲ್ಲ. ಉಬ್ಬಿ ಕುಗ್ಗುವುದು ಅದಕ್ಕೆ ಜೋಡಿಸಿದ ವಾಯುಚೀಲಗಳು. ಹೆಚ್ಚಿನ ಹಕ್ಕಿಗಳಲ್ಲಿ ಒಂಬತ್ತು ಚೀಲಗಳಿರುತ್ತವೆ. ಒಳಗೆ ಎಳೆದುಕೊಂಡ ಗಾಳಿಯ ಬಹುಭಾಗ ಮೊದಲು ಹಿಂದಿನ ಚೀಲಗಳಿಗೆ ಹೋಗುತ್ತದೆ, ಅಲ್ಲಿಂದ ಶ್ವಾಸಕೋಶದ ಸಣ್ಣ ನಳಿಗೆಗಳ ಮೂಲಕ ಹಾದು ಮುಂದಿನ ಚೀಲಗಳಿಗೆ ಬರುತ್ತದೆ, ಆಮೇಲೆ ಹೊರಗೆ. ಒಂದು ಗುಟುಕು ಗಾಳಿ ಪೂರ್ತಿ ಹಾದುಹೋಗಲು ಎರಡು ಉಸಿರಾಟಗಳು ಬೇಕು. ಶ್ವಾಸಕೋಶದಲ್ಲಿ ಗಾಳಿ ಸದಾ ಒಂದೇ ದಿಕ್ಕಿನಲ್ಲಿ ಹರಿಯುತ್ತಿರುತ್ತದೆ. ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ನಮ್ಮದಕ್ಕಿಂತ ತೆಳುವಾಗಿದೆ. ಹೀಗಾಗಿ ಗಾಳಿಯಲ್ಲಿರುವ ಆಮ್ಲಜನಕವನ್ನು ಹಕ್ಕಿ ನಮಗಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ.

ಈ ಶಕ್ತಿ ಎಂಥದು ಎಂದು ತಿಳಿಯಬೇಕಾದರೆ ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಬನ್ನಿ. ಅಲ್ಲಿ ಬೀಡುಬಿಡುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದವು. ಮನುಷ್ಯ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡುವ ಎತ್ತರದಲ್ಲಿ ಅವು ರೆಕ್ಕೆ ಬಡಿಯುತ್ತವೆ.

ಆದರೆ ಈ ವರವೇ ಶಾಪವೂ ಆಗಬಲ್ಲದು. ಆಮ್ಲಜನಕವನ್ನು ಚೆನ್ನಾಗಿ ಹೀರುವ ಶ್ವಾಸಕೋಶ ವಿಷಾನಿಲವನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. ಹಾರುವಾಗ ಹಕ್ಕಿಗೆ ವಿಶ್ರಾಂತಿಯ ಹೊತ್ತಿಗಿಂತ ಹಲವು ಪಟ್ಟು ಗಾಳಿ ಬೇಕು. ಆದ್ದರಿಂದ ದೇಹದ ತೂಕಕ್ಕೆ ಹೋಲಿಸಿದರೆ ಅದರ ಒಳಗೆ ಹೋಗುವ ಹೊಗೆಯ ಪ್ರಮಾಣ ನಮಗಿಂತ ಬಹಳ ಹೆಚ್ಚು. ನಮ್ಮ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಧೂಳಿನ ಕಣಗಳನ್ನು ನುಂಗಿ ಸ್ವಚ್ಛಗೊಳಿಸುವ ಭಕ್ಷಕ ಕೋಶಗಳು ಕಾವಲು ಕಾಯುತ್ತಿರುತ್ತವೆ. ಹಕ್ಕಿಯ ಉಸಿರುದಾರಿಯಲ್ಲಿ ಇಂಥ ಕಾವಲುಗಾರರು ಬಹಳ ಕಡಿಮೆ. ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತಲೂ ಸಣ್ಣದಾದ ಹೊಗೆಯ ಕಣಗಳು ಆಳಕ್ಕೆ ಇಳಿದು ಕೂರುತ್ತವೆ.

ಇದನ್ನು ಗಣಿಗಳಲ್ಲಿ ದುಡಿಯುವವರು ನೂರು ವರ್ಷಗಳ ಹಿಂದೆಯೇ ಬಳಸಿಕೊಂಡರು. ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ನೀಡಿದ ಸಲಹೆಯಂತೆ ಕಲ್ಲಿದ್ದಲ ಗಣಿಗಳಿಗೆ ಪಂಜರದ ಕೆನರಿ ಹಕ್ಕಿಯನ್ನು ಒಯ್ಯುವ ಪದ್ಧತಿ ಬಂತು. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಮನುಷ್ಯನಿಗೆ ತಲೆ ಸುತ್ತುವ ಮೊದಲೇ ಹಕ್ಕಿ ಕೋಲಿನಿಂದ ಕೆಳಗೆ ಬೀಳುತ್ತಿತ್ತು. ವಿದ್ಯುನ್ಮಾನ ಉಪಕರಣಗಳು ಬಂದ ಮೇಲೆ, 1986ರಲ್ಲಿ, ಬ್ರಿಟನ್ ಆ ಹಕ್ಕಿಗಳಿಗೆ ಬಿಡುಗಡೆ ನೀಡಲು ತೀರ್ಮಾನಿಸಿತು. ಇಂದಿನ ಅಡುಗೆಮನೆಯಲ್ಲೂ ಇದರ ಉದಾಹರಣೆ ಉಂಟು. ಅಂಟದ ಲೇಪನವಿರುವ ಬಾಣಲೆಯನ್ನು ಅತಿಯಾಗಿ ಕಾಯಿಸಿದರೆ ಹೊರಡುವ ಹೊಗೆ ಮನೆಯವರಿಗೆ ಅಷ್ಟಾಗಿ ಗೊತ್ತಾಗದಿರಬಹುದು, ಅಲ್ಲೇ ಪಂಜರದಲ್ಲಿರುವ ಸಾಕುಗಿಳಿ ಸತ್ತೇಹೋಗಬಹುದು.

ಎರಡನೆಯ ಬಾಗಿಲು: ತಿನ್ನುವ ಹಣ್ಣು

ಮಾವಿನ ಹಣ್ಣನ್ನು ನಾವು ತೊಳೆಯುತ್ತೇವೆ, ಸಿಪ್ಪೆ ಸುಲಿಯುತ್ತೇವೆ, ಆಮೇಲೆ ತಿನ್ನುತ್ತೇವೆ. ಹಕ್ಕಿಗೆ ನಲ್ಲಿಯೂ ಇಲ್ಲ, ಚಾಕುವೂ ಇಲ್ಲ. ಗಿಳಿ ಸಿಪ್ಪೆಯನ್ನು ಕೊಕ್ಕಿನಿಂದಲೇ ಹರಿಯುತ್ತದೆ. ಪಿಕಳಾರ, ಕುಟ್ರುಹಕ್ಕಿ, ಕೋಗಿಲೆ, ಹಸಿರು ಪಾರಿವಾಳಗಳು ಚಿಕ್ಕ ಹಣ್ಣುಗಳನ್ನು ಸಿಪ್ಪೆ ಸಮೇತ ಇಡಿಯಾಗಿ ನುಂಗುತ್ತವೆ. ಸಿಪ್ಪೆಯ ಮೇಲೆ ಕೂತ ಮಸಿ, ಧೂಳು, ಅದರಲ್ಲಿ ಸೇರಿರಬಹುದಾದ ಸೀಸದಂಥ ಲೋಹದ ಕಣಗಳು ನೇರವಾಗಿ ಹೊಟ್ಟೆಗೆ.

ಹಣ್ಣಿನಲ್ಲಿ ಬಹುಪಾಲು ನೀರು ಮತ್ತು ಸಕ್ಕರೆ. ಆದ್ದರಿಂದ ಹಣ್ಣನ್ನೇ ನಂಬಿದ ಹಕ್ಕಿ ದಿನವಿಡೀ ತಿನ್ನುತ್ತಲೇ ಇರಬೇಕು. ಪಿಕಳಾರದ ತೂಕ ಸುಮಾರು 40 ಗ್ರಾಂ. ನಿಮ್ಮ ತೂಕ ಅದರ ಸಾವಿರ ಪಟ್ಟು ಇರಬಹುದು, ಆದರೆ ಅದು ತಿನ್ನುವುದರ ಸಾವಿರ ಪಟ್ಟು ಹಣ್ಣನ್ನು ನೀವು ತಿನ್ನಲಾರಿರಿ. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ಹಕ್ಕಿಯ ಪಾಲಿಗೆ ಬರುವ ಧೂಳು ನಿಮಗಿಂತ ಎಷ್ಟೋ ಹೆಚ್ಚು. ತಿಂದದ್ದು ಸಾಲದೆಂಬಂತೆ ರೆಕ್ಕೆಯ ಮೇಲೆ ಕೂತದ್ದೂ ಹೊಟ್ಟೆ ಸೇರುತ್ತದೆ. ಹಕ್ಕಿ ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ಗರಿಗಳನ್ನು ತೀಡಿಕೊಳ್ಳುವುದನ್ನು ನೋಡಿದ್ದೀರಲ್ಲವೇ? ಗರಿಯ ಧೂಳು ಹೀಗೆ ಕೊಕ್ಕಿನ ಮೂಲಕ ಒಳಗೆ ಹೋಗುತ್ತದೆ.

ಸೀಸ ನರಗಳಿಗೆ, ರಕ್ತಕ್ಕೆ ಹಾನಿ ಮಾಡುವ ಲೋಹ. ಒಂದು ಕಾಲದಲ್ಲಿ ನಮ್ಮ ಪೆಟ್ರೋಲಿನಲ್ಲಿಯೇ ಅದು ಇತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಆ ಮೂಲ ನಿಂತಿತು. ಆದರೂ ಮಣ್ಣಿನಲ್ಲಿ ಉಳಿದ ಸೀಸ ಧೂಳಾಗಿ ಏಳಬಲ್ಲದು. ನ್ಯೂಯಾರ್ಕ್ ನಗರದ ಪಾರಿವಾಳಗಳ ರಕ್ತವನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಯಾವ ಬಡಾವಣೆಗಳ ಮಕ್ಕಳಲ್ಲಿ ಸೀಸ ಹೆಚ್ಚಿತ್ತೋ ಅಲ್ಲಿಯ ಪಾರಿವಾಳಗಳಲ್ಲೂ ಹೆಚ್ಚಿತ್ತೆಂದು ತೋರಿಸಿತು. ಹಕ್ಕಿಗೆ ಬಂದದ್ದು ನಮಗೂ ಬಂದೀತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮೂರನೆಯ ಬಾಗಿಲು: ಹಣ್ಣು ಕೊಡುವ ಮರ

ಈ ಬಾಗಿಲು ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ. ಮರ ಎಲೆಯ ಸೂಕ್ಷ್ಮ ರಂಧ್ರಗಳಿಂದ ಉಸಿರಾಡುತ್ತದೆ. ಧೂಳು ಎಲೆಯ ಮೇಲೆ ಕೂತರೆ ಬೆಳಕು ತಡೆಯುತ್ತದೆ, ರಂಧ್ರ ಕಟ್ಟುತ್ತದೆ. ಕಲ್ಲಿದ್ದಲು ಉರಿದಾಗ ಬರುವ ಗಂಧಕದ ಡೈ ಆಕ್ಸೈಡ್ ರಂಧ್ರದೊಳಗೆ ಹೋದರೆ ಪತ್ರಹರಿತ್ತನ್ನು ಕೆಡಿಸುತ್ತದೆ. ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ನೆಲಮಟ್ಟದ ಓಝೋನನ್ನು ಉಂಟುಮಾಡುತ್ತವೆ. ಆಕಾಶದ ಮೇಲ್ಪದರದ ಓಝೋನ್ ನಮ್ಮ ರಕ್ಷಕ. ನೆಲಮಟ್ಟದ ಓಝೋನ್ ಎಲೆಗೂ ಶ್ವಾಸಕೋಶಕ್ಕೂ ಶತ್ರು. ಅದು ಹೆಚ್ಚುವುದು ಬಿಸಿಲು ಚುರುಗುಟ್ಟುವ ಮಧ್ಯಾಹ್ನಗಳಲ್ಲಿ, ಮಾವು ಕಾಯಿಕಟ್ಟುವ ಕಾಲದಲ್ಲಿ.

ಮಾವಿನ ಮೇಲೆ ಹೊಗೆಯ ಪರಿಣಾಮಕ್ಕೆ ಭಾರತದಲ್ಲೇ ಒಂದು ಹಳೆಯ ಉದಾಹರಣೆ ಇದೆ. 20ನೆಯ ಶತಮಾನದ ಆರಂಭದಲ್ಲಿ ಬಿಹಾರದ ಮಾವಿನ ತೋಟಗಳಲ್ಲಿ ಎಳೆಗಾಯಿಗಳ ತುದಿ ಮೊದಲು ಹಳದಿಯಾಗಿ, ಆಮೇಲೆ ಕಪ್ಪಾಗಿ ಕೊಳೆಯುವುದು ಕಂಡುಬಂತು. ಇದಕ್ಕೆ ಕಪ್ಪು ತುದಿ ರೋಗ ಎಂಬ ಹೆಸರು ಬಂತು. ಹುಡುಕಿದರೆ ಹುಳುವೂ ಇಲ್ಲ, ಬೂಷ್ಟೂ ಇಲ್ಲ. ತೊಂದರೆ ಇದ್ದದ್ದು ಇಟ್ಟಿಗೆ ಭಟ್ಟಿಗಳ ಹತ್ತಿರದ ತೋಟಗಳಲ್ಲಿ. ಭಟ್ಟಿಯ ಹೊಗೆಯಲ್ಲಿರುವ ಗಂಧಕದ ಡೈ ಆಕ್ಸೈಡ್, ಎಥಿಲೀನ್ ಮುಂತಾದ ಅನಿಲಗಳೇ ಇದಕ್ಕೆ ಕಾರಣವೆಂದು ತಿಳಿಯಿತು. ಎಳೆಗಾಯಿಗೆ ಬೋರಾಕ್ಸ್ ದ್ರಾವಣ ಸಿಂಪಡಿಸುವುದು, ತೋಟದ ಹತ್ತಿರ ಭಟ್ಟಿ ಹಾಕದಿರುವುದು ಇಂದಿಗೂ ತಜ್ಞರು ಹೇಳುವ ಪರಿಹಾರ. ತುದಿ ಕಪ್ಪಾದ ಕಾಯಿ ಬಲಿಯುವ ಮೊದಲೇ ಬಿದ್ದುಹೋಗುತ್ತದೆ. ರೈತನಿಗೂ ನಷ್ಟ, ಗಿಳಿಗೂ ನಷ್ಟ.

ಹಣ್ಣಾಗಬೇಕಾದರೆ ಮೊದಲು ಹೂವಿಗೆ ಪರಾಗ ಸಿಗಬೇಕು. ಆ ಕೆಲಸ ನೊಣ, ಜೇನುಗಳದ್ದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ನಗರದ ಬೇರೆ ಬೇರೆ ಭಾಗಗಳಿಂದ ಹೆಜ್ಜೇನುಗಳನ್ನು ಹಿಡಿದು ಹಲವು ವರ್ಷ ಅಧ್ಯಯನ ನಡೆಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಳಿ ಹೆಚ್ಚು ಕೆಟ್ಟ ಜಾಗಗಳಲ್ಲಿ ಹೂವಿಗೆ ಬರುವ ಹೆಜ್ಜೇನುಗಳ ಸಂಖ್ಯೆಯೇ ಕಡಿಮೆಯಾಗಿತ್ತು. ಅಂಥ ಜಾಗಗಳಿಂದ ಹಿಡಿದು ತಂದ ಜೇನುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು 24 ಗಂಟೆಗಳೊಳಗೆ ಸತ್ತವು. ಹೆಜ್ಜೇನು ಚಿಗಳ್ಳಿಯಲ್ಲೂ ಇದೆ, ಅದರ ದೇಹವೂ ಅದೇ. ಜೇನು ಕಡಿಮೆಯಾದರೆ ಕಾಯಿ ಕಡಿಮೆ, ಕಾಯಿ ಕಡಿಮೆಯಾದರೆ ಹಣ್ಣಿನ ಹಕ್ಕಿಗೆ ಊಟ ಕಡಿಮೆ. ಇನ್ನೊಂದು ಮಾತು. ಹಣ್ಣು ತಿನ್ನುವ ಪಿಕಳಾರ, ಕುಟ್ರುಹಕ್ಕಿಗಳೂ ಮರಿಗಳಿಗೆ ಹುಳುಹುಪ್ಪಟೆ ತಂದು ಕೊಡುತ್ತವೆ. ಬೆಳೆಯುವ ಮರಿಗೆ ಹಣ್ಣಿನ ಸಕ್ಕರೆ ಮಾತ್ರ ಸಾಲದು, ಸಸಾರಜನಕ ಬೇಕು. ಕೀಟಗಳಿಗೆ ಬಂದ ಕಷ್ಟ ಹೀಗೂ ಹಕ್ಕಿಯ ಗೂಡನ್ನು ತಲಪುತ್ತದೆ.

ಮೊಟ್ಟೆಯ ಚಿಪ್ಪಿನ ಕಥೆ

ಗಾಳಿಯಲ್ಲಿರುವ ಗಂಧಕ, ಸಾರಜನಕಗಳ ಆಕ್ಸೈಡುಗಳು ಮಳೆನೀರಿನೊಡನೆ ಸೇರಿದರೆ ಆಮ್ಲಮಳೆ. 1980ರ ದಶಕದಲ್ಲಿ ನೆದರ್ಲೆಂಡ್ಸ್ ದೇಶದ ಕೆಲವು ಕಾಡುಗಳಲ್ಲಿ ಚೇಕಡಿ ಹಕ್ಕಿಗಳು ತೆಳುಚಿಪ್ಪಿನ, ಒಡೆದುಹೋಗುವ ಮೊಟ್ಟೆಗಳನ್ನಿಡತೊಡಗಿದವು. ವಿಜ್ಞಾನಿಗಳು ಎಳೆ ಹಿಡಿದು ಹೋದರು. ಆಮ್ಲದಿಂದ ಮಣ್ಣಿನ ಸುಣ್ಣದ ಅಂಶ ಕರಗಿಹೋಗಿತ್ತು, ಸುಣ್ಣವಿಲ್ಲದೆ ಬಸವನಹುಳುಗಳು ಕಡಿಮೆಯಾಗಿದ್ದವು, ಬಸವನಹುಳುವಿನ ಚಿಪ್ಪು ತಿಂದು ಮೊಟ್ಟೆಗೆ ಸುಣ್ಣ ಒದಗಿಸಿಕೊಳ್ಳುತ್ತಿದ್ದ ಹಕ್ಕಿ ಕಂಗಾಲಾಗಿತ್ತು. ಚಿಪ್ಪಿನ ಚೂರುಗಳನ್ನು ತಂದಿಟ್ಟ ಕಡೆ ಮೊಟ್ಟೆಗಳು ಮತ್ತೆ ಗಟ್ಟಿಯಾದವು. ಹೊಗೆಯ ಕೊಳವೆಗೂ ಹಕ್ಕಿಯ ಮೊಟ್ಟೆಗೂ ನಡುವೆ ಎಷ್ಟು ಕೊಂಡಿಗಳು, ನೋಡಿ.

ಮಲೆನಾಡಿನ ಮಣ್ಣಿನಿಂದ ಭಾರಿ ಮಳೆ ಮೊದಲೇ ಸುಣ್ಣವನ್ನು ತೊಳೆದೊಯ್ಯುತ್ತದೆ. ಇಲ್ಲಿಯ ಹಣ್ಣುಹಕ್ಕಿಗಳಿಗೆ ಸುಣ್ಣದ ದೊಡ್ಡ ಆಸರೆ ಆಲ, ಅತ್ತಿ, ಬಸರಿಗಳ ಹಣ್ಣು. ಅತ್ತಿಯ ಜಾತಿಯ ಹಣ್ಣುಗಳಲ್ಲಿ ಇತರ ಕಾಡುಹಣ್ಣುಗಳಿಗಿಂತ ಸರಾಸರಿ ಮೂರು ಪಟ್ಟು ಹೆಚ್ಚು ಸುಣ್ಣ ಇದೆಯೆಂದು ಬೇರೆ ಬೇರೆ ಖಂಡಗಳ ಕಾಡುಗಳಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳಿತು. ತೋಟದ ಬದುವಿನಲ್ಲಿರುವ ಒಂದು ಅತ್ತಿಮರ ‘ಯಾತಕ್ಕೂ ಬಾರದ ಮರ’ ಎಂದು ಯಾರಾದರೂ ಹೇಳಿದರೆ ಈ ಮಾತನ್ನು ತಿಳಿಸಿ.

ಹಾಡು ನಿಂತಾಗ

ಹೊಗೆಯಿಂದ ಹಕ್ಕಿಗಳು ಮರದ ಕೆಳಗೆ ರಾಶಿಯಾಗಿ ಸತ್ತು ಬೀಳುತ್ತವೆಂದು ನೀವು ಎಣಿಸಬಾರದು. ತೋಟದಲ್ಲಿ ಸತ್ತ ಹಕ್ಕಿ ಸಿಕ್ಕರೆ ಅದಕ್ಕೆ ಕೀಟನಾಶಕ, ರೋಗ, ಬಿಸಿಲು, ವಿದ್ಯುತ್ ತಂತಿ ಯಾವುದೂ ಕಾರಣವಾಗಿರಬಹುದು. ಪರೀಕ್ಷಿಸದೆ ಗಾಳಿಯನ್ನು ದೂರುವುದು ವಿಜ್ಞಾನವಾಗದು. ಕೆಟ್ಟ ಗಾಳಿಯ ಕೆಲಸ ನಿಧಾನದ್ದು. ಹಾರಾಟ ಸ್ವಲ್ಪ ಕಡಿಮೆ, ಆಹಾರ ಹುಡುಕುವ ಹೊತ್ತು ಸ್ವಲ್ಪ ಹೆಚ್ಚು, ಮೊಟ್ಟೆ ಒಂದು ಕಡಿಮೆ, ಬದುಕಿದ ಮರಿ ಒಂದು ಕಡಿಮೆ. ಹೀಗೆ ವರ್ಷ ವರ್ಷ ಸವೆಯುತ್ತದೆ.

2015ರಲ್ಲಿ ಇಂಡೋನೇಷ್ಯಾದ ಕಾಡುಬೆಂಕಿಯ ಹೊಗೆ ಸಿಂಗಪುರವನ್ನು ವಾರಗಟ್ಟಲೆ ಮುಸುಕಿತ್ತು. ಅಲ್ಲಿ ಎರಡು ಅರಣ್ಯಗಳ ನಡುವೆ ಪ್ರಾಣಿಗಳಿಗಾಗಿ ಕಟ್ಟಿದ ಮೇಲ್ಸೇತುವೆಯಲ್ಲಿ ಸಂಶೋಧಕರು ಧ್ವನಿಮುದ್ರಣ ಯಂತ್ರಗಳನ್ನಿಟ್ಟಿದ್ದರು. ಹೊಗೆ ದಟ್ಟವಾದ ದಿನಗಳಲ್ಲಿ ಹಕ್ಕಿ, ಕೀಟಗಳ ದನಿಯೆಲ್ಲ ಗಮನಾರ್ಹವಾಗಿ ಕುಗ್ಗಿತು. ಹೊಗೆ ಕರಗಿ ಹಲವು ವಾರಗಳಾದರೂ ಪೂರ್ತಿ ಮರಳಲಿಲ್ಲ. ಧ್ವನಿಯೊಡನೆ ಕೆಲಸ ಮಾಡುವ ನನ್ನಂಥವನಿಗೆ ಇದು ಮನಸ್ಸಿಗೆ ನಾಟುವ ಸಂಗತಿ. ಗಂಡು ಹಕ್ಕಿಯ ಹಾಡು ಬರಿಯ ಇಂಪಿಗಾಗಿ ಇರುವುದಲ್ಲ. ಅದು ಸಂಗಾತಿಗೆ ಕರೆ, ಎದುರಾಳಿಗೆ ಎಚ್ಚರಿಕೆ. ಹಾಡು ನಿಂತರೆ ಆ ಋತುವಿನ ಗೂಡು ತಡವಾದೀತು.

ಮಂಗಟ್ಟೆಯ ಮೂರು ತಿಂಗಳು

ಚಿಗಳ್ಳಿಯಿಂದ ಪಡುವಣಕ್ಕೆ ಕಾಡು ಹಿಡಿದು ಹೋದರೆ ಸಿಗುವ ದಾಂಡೇಲಿ 1950ರ ದಶಕದಿಂದ ಕಾಗದದ ಊರು. ಅದೇ ದಾಂಡೇಲಿ ಮಂಗಟ್ಟೆ ಹಕ್ಕಿಗಳ ಊರೂ ಹೌದು. ನಾಲ್ಕು ಜಾತಿಯ ಮಂಗಟ್ಟೆಗಳು ಇಲ್ಲಿಯ ಕಾಡಿನಲ್ಲಿವೆ. 2011ರಲ್ಲಿ ಇವುಗಳಿಗಾಗಿಯೇ ದಾಂಡೇಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು.

ಮಂಗಟ್ಟೆಯ ಸಂಸಾರ ವಿಚಿತ್ರವಾದದ್ದು. ಬೇಸಿಗೆಯ ಮೊದಲಿಗೆ ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಹೊಕ್ಕು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಮುಂದಿನ ಮೂರು ನಾಲ್ಕು ತಿಂಗಳು ಹೆಣ್ಣಿಗೂ ಮರಿಗೂ ಗಂಡು ತಂದದ್ದೇ ಊಟ. ಅತ್ತಿ, ಆಲದ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಹೊರತೆಗೆದು ಸೀಳಿನ ಮೂಲಕ ಕೊಡುತ್ತದೆ. ದಿನಕ್ಕೆ ಎಷ್ಟು ಹಾರಾಟ, ಎಷ್ಟು ಉಸಿರು ಎಂದು ಲೆಕ್ಕ ಹಾಕಿ. ಇದೇ ತಿಂಗಳುಗಳಲ್ಲಿ ಹೊಗೆಯೂ ಧೂಳೂ ಹೆಚ್ಚು ಎಂದು ಆಗಲೇ ನೋಡಿದೆವು. ಒಂದು ಗಂಡು ಹಕ್ಕಿ ಬಳಲಿದರೆ ಒಳಗಿರುವ ಇಡೀ ಸಂಸಾರ ಹಸಿಯುತ್ತದೆ.

ಹಸಿಯುವುದು ಸಂಸಾರ ಮಾತ್ರವಲ್ಲ, ಕಾಡು ಕೂಡ. ಸಾಲುಧೂಪ, ರಾಮಪತ್ರೆಯಂಥ ಮರಗಳ ದಪ್ಪ ಬೀಜಗಳನ್ನು ನುಂಗಿ ದೂರ ಒಯ್ದು ಬಿತ್ತಬಲ್ಲ ಹಕ್ಕಿಗಳು ಬಹಳಿಲ್ಲ. ಶ್ರೀಗಂಧದ ಹಣ್ಣನ್ನು ತಿಂದು ಬೀಜ ಹರಡುವುದು ಪಿಕಳಾರ, ಮೈನಾ, ಕೋಗಿಲೆಗಳ ಕೆಲಸ. ಬೇಲಿಯ ಬುಡದಲ್ಲಿ ಯಾರೂ ನೆಡದ ಗಂಧದ ಸಸಿ ಕಂಡರೆ ಅದನ್ನು ನೆಟ್ಟ ಮಾಲಿ ಯಾರೆಂದು ಈಗ ನಿಮಗೆ ತಿಳಿಯಿತು. ಕೂಲಿ ಕೇಳದೆ ಕಾಡು ಬೆಳೆಸುವ ಈ ಮಾಲಿಗಳ ಉಸಿರು ಕಟ್ಟಿಸಿದರೆ ನಾಳೆ ಬೀಜ ಬಿತ್ತುವವರು ಯಾರು?

ಗಾಳಿ ಸುಧಾರಿಸಿದರೆ?

ಸಮಾಧಾನದ ಸಂಗತಿಯೂ ಇದೆ. ಅಮೆರಿಕದಲ್ಲಿ ಓಝೋನ್ ಉಂಟುಮಾಡುವ ಹೊಗೆಗೆ ಕಾನೂನಿನಿಂದ ಕಡಿವಾಣ ಹಾಕಲಾಯಿತು. ಅದು ಮನುಷ್ಯರ ಆರೋಗ್ಯಕ್ಕೆಂದು ಮಾಡಿದ ಕಾನೂನು. ಅದರಿಂದ 40 ವರ್ಷಗಳಲ್ಲಿ ಸುಮಾರು 150 ಕೋಟಿ ಹಕ್ಕಿಗಳು ಉಳಿದುಕೊಂಡವೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಹೆಚ್ಚು ಲಾಭ ಪಡೆದದ್ದು ಸಣ್ಣ ಹಕ್ಕಿಗಳು. ನಮಗಾಗಿ ಗಾಳಿಯನ್ನು ಸ್ವಚ್ಛ ಮಾಡಿಕೊಂಡರೆ ಹಕ್ಕಿಗೆ ಅದು ಬಿಟ್ಟಿಯಾಗಿ ಸಿಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಮಾಡಬಹುದಾದ್ದೂ ಇದೆ. ಕಬ್ಬಿನ ರವದಿಯನ್ನು ಸುಡದೆ ಸಾಲುಗಳ ನಡುವೆ ಹಾಸಿದರೆ ನೆಲದ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಕತ್ತರಿಸಿ ಹರಡಲು ಯಂತ್ರಗಳೂ ಬಂದಿವೆ. ರವದಿ ಸುಡುವ ರೈತನನ್ನು ದೂರುವುದು ಸುಲಭ. ಆಳು ಸಿಗುವುದಿಲ್ಲ, ಮುಂದಿನ ಕೆಲಸಕ್ಕೆ ಹೊತ್ತಿಲ್ಲ ಎಂಬ ಅವನ ಕಷ್ಟವೂ ನಿಜ. ಅದಕ್ಕೇ ಯಂತ್ರವನ್ನು ಊರಿನವರು ಕೂಡಿ ಬಾಡಿಗೆಗೆ ತರುವುದು ಒಳ್ಳೆಯದು. ಇನ್ನು ನಿಮ್ಮ ಶಾಲೆಯ ಅಂಗಳದ ತರಗೆಲೆಗಳು. ಅವನ್ನು ಪ್ರತಿದಿನ ಗುಡಿಸಿ ಬೆಂಕಿ ಇಡುವ ಪದ್ಧತಿ ಇದ್ದರೆ ಒಂದು ಗುಂಡಿ ತೋಡಿ ಅದರಲ್ಲಿ ಹಾಕಿರಿ. ಆರು ತಿಂಗಳಲ್ಲಿ ಹೂದೋಟಕ್ಕೆ ಗೊಬ್ಬರ.

ನೀವೇ ಮಾಡಿ ನೋಡಿ

1. ರಸ್ತೆಯ ಬದಿಯ ಒಂದು ಮಾವಿನ ಮರದಿಂದಲೂ, ಅಲ್ಲಿಂದ ಐನೂರು ಹೆಜ್ಜೆ ಒಳಗಿನ ಇನ್ನೊಂದು ಮರದಿಂದಲೂ ಹತ್ತು ಹತ್ತು ಎಲೆಗಳನ್ನು ಆರಿಸಿ. ಪಾರದರ್ಶಕ ಅಂಟುಪಟ್ಟಿಯನ್ನು ಎಲೆಗೆ ಒತ್ತಿ ಕಿತ್ತು ಬಿಳಿ ಹಾಳೆಗೆ ಅಂಟಿಸಿ. ಎರಡು ಸಾಲುಗಳನ್ನು ಹೋಲಿಸಿ. ಮಳೆ ಬಂದ ಮರುದಿನ ಮತ್ತೆ ಮಾಡಿ.

2. ಮರದ ತೊಗಟೆಯ ಮೇಲೆ ಬೂದು, ತಿಳಿಹಸಿರು ಬಣ್ಣದ ಕಲ್ಲುಹೂವು ಬೆಳೆದಿದೆಯೇ ನೋಡಿ. ಗಂಧಕದ ಡೈ ಆಕ್ಸೈಡ್ ಹೆಚ್ಚಿರುವಲ್ಲಿ ಹೆಚ್ಚಿನ ಕಲ್ಲುಹೂವುಗಳು ಬಾಳುವುದಿಲ್ಲ. ಭಟ್ಟಿಯ ಹತ್ತಿರದ ಮರಗಳನ್ನೂ ದೂರದ ಮರಗಳನ್ನೂ ಹೋಲಿಸಿ ಪಟ್ಟಿ ಮಾಡಿ.

3. ಹಣ್ಣು ಬಿಟ್ಟ ಅತ್ತಿ ಅಥವಾ ಆಲದ ಮರದ ಕೆಳಗೆ ಬೆಳಿಗ್ಗೆ ಅರ್ಧ ಗಂಟೆ ಕೂತು ಬಂದ ಹಕ್ಕಿಗಳನ್ನು ಎಣಿಸಿ. ಹೊಗೆಯಿಲ್ಲದ ಹತ್ತು ಬೆಳಗು, ಹೊಗೆಯಿರುವ ಹತ್ತು ಬೆಳಗು ಎಣಿಸಿದರೆ ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ದಾಖಲೆ ಇರುತ್ತದೆ. ಪ್ರತಿ ವರ್ಷ ಫೆಬ್ರವರಿಯ ಮಧ್ಯದಲ್ಲಿ ನಾಲ್ಕು ದಿನ ದೇಶದಾದ್ಯಂತ ನಡೆಯುವ ಹಕ್ಕಿ ಎಣಿಕೆಯಲ್ಲಿ ನಿಮ್ಮ ಕಾಲೇಜೂ ಪಾಲ್ಗೊಳ್ಳಬಹುದು.

ಒಂದು ಎಚ್ಚರಿಕೆ: ಹಕ್ಕಿ, ಬಾವಲಿಗಳು ಕಚ್ಚಿದ ಹಣ್ಣನ್ನು ತಿನ್ನಬೇಡಿ, ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟಬೇಡಿ. ಗಿಳಿ ಕಚ್ಚಿದ ಹಣ್ಣಿನ ಸಿಹಿ ಗಿಳಿಗೇ ಇರಲಿ.

ಚಿಗಳ್ಳಿಯಲ್ಲಿ ಮಸೂರ ಒರೆಸಿದ ಆ ಬಟ್ಟೆ ಇನ್ನೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಒಗೆಯಲು ಮನಸ್ಸಾಗಿಲ್ಲ. ನೀವು ಅಂಟುಪಟ್ಟಿಯ ಪ್ರಯೋಗ ಮಾಡಿದರೆ ಆ ಹಾಳೆಯನ್ನೂ ದಿನಾಂಕ ಬರೆದು ಜೋಪಾನವಾಗಿಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಮರದಿಂದ ಇನ್ನೊಂದು ಹಾಳೆ ಮಾಡಿ ಪಕ್ಕದಲ್ಲಿಡಿ. ಎರಡನೆಯದು ಮೊದಲನೆಯದಕ್ಕಿಂತ ಬೆಳ್ಳಗಿದ್ದರೆ, ಆ ಬೇಸಿಗೆ ನಿಮ್ಮ ಊರಿನ ಕುಟ್ರುಹಕ್ಕಿಗೂ ಸ್ವಲ್ಪ ಹಗುರವಾಗಿ ಕಳೆದಿದೆ ಎಂದು ತಿಳಿಯಿರಿ.